ಲೀನಮ್ಮ ಕಲಿತ ಒಂದು ಪದ

ಬೆಳಿಗ್ಗೆ ಚಹಾ ಕುಡಿಯುತ್ತ ಪೇಪರು ಬಿಡಿಸಿದರೆ ಮೂಲೆಯಲ್ಲೊಂದು ಸುದ್ದಿ: ಸುಲಿಗೆ ಆರೋಪ, ಇಬ್ಬರ ಬಂಧನ. ಇಂಥದ್ದನ್ನು ನೀವೂ ನನ್ನ ಹಾಗೆ ಓದದೆ ದಾಟಿಬಿಡುತ್ತೀರಿ. ಇವತ್ತು ನನಗೆ ದಾಟಲಾಗಲಿಲ್ಲ. ಸುಲಿಗೆ ಎಂಬ ಈ ಪದದ ಅರ್ಥವನ್ನು ಹಿಂದೊಮ್ಮೆ ರಷ್ಯಾದ ಹೆಣ್ಣುಮಗಳೊಬ್ಬಳಿಗೆ ಹೇಳಿಕೊಟ್ಟವನು ನಾನು.

ತೊಂಬತ್ತರ ದಶಕದ ಕೊನೆ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಕನ್ನಡ ಮೇಷ್ಟ್ರು. ಪಕ್ಕದ ಮನೆಯ ಕೊಟ್ರೇಶ ರಷ್ಯಾದಲ್ಲಿ ಡಾಕ್ಟರಿಕೆ ಓದಿ, ಅಲ್ಲಿ ನರ್ಸಾಗಿದ್ದ ಲೇನಾಳನ್ನು ಮದುವೆಯಾಗಿ ಬಂದು ಊರಲ್ಲೇ ದವಾಖಾನೆ ತೆರೆದಿದ್ದರು. ಊರು ಆಕೆಯನ್ನು ಲೀನಮ್ಮ ಮಾಡಿಕೊಂಡಿತು. ಕನ್ನಡ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಸಂಜೆ ನಾನು ಪುಸ್ತಕದ ಕನ್ನಡ ಕಲಿಸುತ್ತಿದ್ದೆ. ಮರುದಿನ ಅಡುಗೆಮನೆಯಲ್ಲಿ ಆಕೆಯ ಅತ್ತೆ ಅದನ್ನು ತಿದ್ದುತ್ತಿದ್ದರು. ಗೆದ್ದದ್ದು ಅತ್ತೆಯೇ.

ಒಂದು ಸಂಜೆ ಆಕೆ, ಚಂದಾ ಅಂದರೇನು ಎಂದು ಕೇಳಿದಳು. ಒಳ್ಳೆಯ ಕೆಲಸಕ್ಕೆ ಮನಸಾರೆ ಕೊಡುವ ಹಣ ಎಂದೆ. ಆಕೆಗೆ ಸಮಾಧಾನವಾಗಲಿಲ್ಲ. ಪ್ರತಿ ತಿಂಗಳು ಮೂವರು ಬರುತ್ತಾರೆ, ಯಾವ ಕೆಲಸಕ್ಕೆಂದು ಹೇಳುವುದಿಲ್ಲ, ಕಿಟಕಿಯ ಗಾಜು ಚೆನ್ನಾಗಿದೆ ಎನ್ನುತ್ತಾರೆ, ಕೊಟ್ರೇಶ ಕೊಟ್ಟು ಕಳಿಸುತ್ತಾರೆ, ಆ ದಿನ ಸರಿಯಾಗಿ ಊಟ ಮಾಡುವುದಿಲ್ಲ ಎಂದಳು. ಅದು ಚಂದಾ ಅಲ್ಲ, ಸುಲಿಗೆ ಎಂದೆ.

“ಶೇಂಗಾ ಸುಲಿತೀವಲ್ರಿ, ಹಂಗಾ?”

ಹಾಗೆಯೇ ಎಂದೆ. ತಮ್ಮಲ್ಲಿ ಅದಕ್ಕೆ ವಿಮಗಾತೆಲ್‌ಸ್ತ್ವ ಎನ್ನುತ್ತಾರೆ ಎಂದಳು. ಹೇಳಲು ಹೋಗಿ ನನ್ನ ನಾಲಿಗೆ ಗಂಟು ಬಿತ್ತು. ಆಕೆ ನಗಲಿಲ್ಲ. ಅವಳಪ್ಪನದು ಬ್ರೆಡ್ಡಿನ ಸಣ್ಣ ಅಂಗಡಿಯಂತೆ. ಅಲ್ಲಿಯೂ ಹೀಗೇ ಬರುತ್ತಿದ್ದರಂತೆ. ಒಮ್ಮೆ ಕೊಡಲಿಲ್ಲ, ಅಂಗಡಿ ಸುಟ್ಟರು. ದಿನವೂ ಬರುತ್ತಿದ್ದ ಗಿರಾಕಿಗಳು ಮಾರನೆಯ ದಿನ ಇನ್ನೊಂದು ಅಂಗಡಿಯ ಮುಂದೆ ಸಾಲು ನಿಂತರು. ಅಪ್ಪ ಕಿಟಕಿಯಿಂದ ಅದನ್ನು ನೋಡುತ್ತ ಕೂತಿದ್ದರಂತೆ.

ಮುಂದಿನ ಸಲ ಆ ಮೂವರು ಬಂದಾಗ ನಾನು ಜ್ವರಕ್ಕೆ ಔಷಧಿ ತರಲೆಂದು ದವಾಖಾನೆಯಲ್ಲೇ ಇದ್ದೆ. ಕೊಟ್ರೇಶ ಜೇಬಿಗೆ ಕೈ ಹಾಕುವ ಮೊದಲೇ ಲೀನಮ್ಮ ಹೊರಗೆ ಬಂದಳು.

“ನೀವು ಕೇಳೋದು ಚಂದಾ ಅಲ್ರಿ, ಸುಲಿಗಿ. ಕೊಡಂಗಿಲ್ಲ.”

ಅವರಲ್ಲಿ ಹಿರಿಯನಾದವನು ನಕ್ಕು ಬೆಂಚಿನ ಮೇಲೆ ಕೂತ. ಆಗ, ನೀಲಗುಂದದಿಂದ ಬೆಳಿಗ್ಗೆಯೇ ಬಸ್ಸು ಹಿಡಿದು ಬಂದಿದ್ದ ಅಜ್ಜಿಯೊಬ್ಬಳು, “ಕೊಟ್ಟು ಕಳಸವ್ವ, ನಮ್ಮ ಪಾಳಿ ಬರ್ಲಿ” ಎಂದಳು. ಸಿಟ್ಟಿನಿಂದ ಅಂದದ್ದಲ್ಲ. ಮೊಣಕಾಲು ನೋಯುತ್ತಿತ್ತು, ಊರಿಗೆ ವಾಪಸು ಹೋಗಬೇಕಿತ್ತು. ಆದರೆ ಲೀನಮ್ಮನ ಮುಖ ಇಳಿದುಹೋಯಿತು. ಆ ಮೂವರ ಕೈಲಿ ಆಗದ್ದು ಅಜ್ಜಿಯ ಒಂದು ಮಾತಿನಿಂದ ಆಗಿತ್ತು.

ಆದರೂ ಕೊಡಲಿಲ್ಲ. ಆ ವಾರವೇ ಗಾಜು ಒಡೆಯಿತು. ಕೆಲವು ದಿನಕ್ಕೆ ಕಟ್ಟಡದ ಮಾಲೀಕರು ಕಣ್ಣು ತಪ್ಪಿಸಿಕೊಂಡೇ ಜಾಗ ಖಾಲಿ ಮಾಡಿ ಎಂದರು. ಗಂಡ ಹೆಂಡತಿ ಕೊಟ್ಟೂರಿಗೆ ಹೋದರು. ಅಲ್ಲಿಯೂ ವಸೂಲಿಗೆ ಬಂದರು, ಮುಖ ಮಾತ್ರ ಬೇರೆ. ಕೊಟ್ರೇಶ ದಣಿದಿದ್ದರು, ಕೊಡತೊಡಗಿದರು. ಲೀನಮ್ಮ ಜಗಳ ಬಿಡಲಿಲ್ಲ, ಗೆಲ್ಲಲೂ ಇಲ್ಲ. ವರ್ಷಗಳು ಹಾಗೇ ಹೋದವು. ನಾನು ನಿವೃತ್ತನಾದೆ. ಫೋನು ಮಾಡುವುದೂ ಅಪರೂಪವಾಯಿತು.

ಇವತ್ತು ಪೇಪರು ಮಡಚಿಟ್ಟು ಫೋನು ಮಾಡಿದೆ. ಆಕೆಯೇ ಎತ್ತಿದಳು.

“ಈಗರ ಬಂದಾರ ನೋಡ್ರಿ ಸರ. ನಮ್ಮನಿಯವ್ರು ಊರಾಗಿಲ್ಲ. ಕೊಡಂಗಿಲ್ಲ ಅಂದೆ, ಹೊರಗ ಕುಂತಾರ. ಪೇಷೆಂಟ್ ಎಲ್ಲಾ ಎದ್ದು ಹೋದ್ರು.”

ನೀವೇನು ಮಾಡುತ್ತಿದ್ದೀರಿ ಎಂದೆ.

“ನಾನೂ ಕುಂತೀನಿ.”

ದನಿಯಲ್ಲಿ ಹೆದರಿಕೆ ಇರಲಿಲ್ಲ, ಬರೀ ಆಯಾಸ. ಫೋನು ಇಟ್ಟೆ. ಮಂಡಿ ಸವೆದ ಮೇಷ್ಟ್ರು ಹೋಗಿ ಯಾರನ್ನು ಹೆದರಿಸಿಯಾನು, ನೀವೇ ಹೇಳಿ. ಆದರೆ ಆ ಖಾಲಿ ಬೆಂಚಿನ ಮೇಲೆ ಒಬ್ಬ ಪೇಷೆಂಟಾದರೂ ಇರಲಿ ಅನ್ನಿಸಿತು. ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಕೊಟ್ಟೂರಿನ ಬಸ್ಸು ಹೊರಡುವುದರಲ್ಲಿತ್ತು. ಹತ್ತಿ ಕೂತೆ.