ಮರ್ಟಲ್ ನೇರವಾಗಿ ತಂದ ದೋಣಿ

ಹಾಲ್ವರ್ ಟ್ವೀಟನ್ ಸುಳ್ಳಾಡುವ ಮನುಷ್ಯನಲ್ಲ. ಮಿನೆಸೋಟದ ಉತ್ತರ ತುದಿಯ ನಮ್ಮ ಪುಟ್ಟ ಊರಿನಲ್ಲಿ ಮೂವತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವನು. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಚರ್ಚಿನ ಒಲೆ ಹೊತ್ತಿಸಿ, ಬೆಂಚುಗಳ ಮೇಲೆ ಹಾಡಿನ ಪುಸ್ತಕಗಳನ್ನು ಜೋಡಿಸುವವನು. ಅವನು ಆಡಿದ್ದು ಒಂದೇ ಸುಳ್ಳು, ಅದೂ ಹೆಂಡತಿಯ ಮೇಲಿನ ಮಮತೆಯಿಂದ. ದೇವರು ಅವನನ್ನು ಕ್ಷಮಿಸಿದ್ದಾನೆಂದೇ ನಮ್ಮ ನಂಬಿಕೆ. ಅವನಿಗೆ ಮಾತ್ರ ಆ ನಂಬಿಕೆ ಇನ್ನೂ ಬಂದಿಲ್ಲ.

ಹಾಲ್ವರ್ ಮತ್ತು ಅವನ ಹೆಂಡತಿ ಮರ್ಟಲ್‌ಗೆ ಹದಿನಾಲ್ಕು ಅಡಿಯ ಅಲ್ಯೂಮಿನಿಯಂ ದೋಣಿಯೊಂದಿತ್ತು. ಸರೋವರದಿಂದ ದೋಣಿಯನ್ನು ಮೇಲೆತ್ತುವಾಗ ಊರಿನ ಬಹುಪಾಲು ಮನೆಗಳಲ್ಲಿ ಗಂಡ ದೋಣಿಯಲ್ಲಿದ್ದರೆ ಹೆಂಡತಿ ಟ್ರಕ್ಕಿನಲ್ಲಿ. ಇವರಲ್ಲಿ ಅದು ತಿರುಗುಮುರುಗು. ಹಾಲ್ವರ್ ಟ್ರಕ್ಕಿಗೆ ಕಟ್ಟಿದ, ದೋಣಿ ಹೊರುವ ಟ್ರೇಲರನ್ನು ಹಿಂದಕ್ಕೆ ನಡೆಸಿ ನೀರಿಗಿಳಿಸುವನು. ಮರ್ಟಲ್ ದೋಣಿಯ ಹಿಂಬದಿಯಲ್ಲಿ ಕೂತು, ಮೋಟಾರಿನ ಹಿಡಿಯನ್ನು ಎಡಗೈಯಲ್ಲಿ ಹಿಡಿದು, ಟ್ರೇಲರಿನ ಕಂಬಳಿ ಸುತ್ತಿದ ಎರಡು ಹಲಗೆಗಳ ಮೇಲೆ ಅದನ್ನು ನೂಲು ಹಿಡಿದಂತೆ ತಂದು ಕೂರಿಸುವಳು. ಅವಳದು ಒಂದೇ ಕಟ್ಟಳೆ: ಟ್ರೇಲರಿನ ಮಡ್‌ಗಾರ್ಡು ನೀರಿನಿಂದ ನಾಲ್ಕು ಬೆರಳು ಮೇಲೆ ಕಾಣುತ್ತಿರಬೇಕು. ಅದಕ್ಕಿಂತ ಆಳಕ್ಕೆ ಇಳಿಸಿದರೆ ದೋಣಿಗೆ ಹಲಗೆಯ ಹಿಡಿತ ಸಿಕ್ಕುವುದಿಲ್ಲ. ಮೇಲೆಯೇ ತೇಲುತ್ತ ಗಾಳಿ ಎಳೆದತ್ತ ಹೋಗುತ್ತದೆ.

ಆ ವರ್ಷ ಮೇ ತಿಂಗಳಿನಲ್ಲಿ ಮರ್ಟಲ್‌ಗೆ ಲಕ್ವ ಹೊಡೆಯಿತು. ಮಾತು ಮರಳಿತು, ನಡಿಗೆಯೂ ಮರಳಿತು. ಎಡಗೈ ಬಲಗುಂದಿತು, ದೂರದ ನೋಟ ಮಸುಕಾಯಿತು. ಬೇಸಿಗೆಯುದ್ದಕ್ಕೂ ಅವಳು ಹಟ ಹಿಡಿದು ಆ ಕೈಯ ಬೆರಳುಗಳನ್ನು ದಿನಕ್ಕೆ ಮುನ್ನೂರು ಸಲ ಮಡಚಿ ಬಿಡಿಸಿದಳು. ಅಕ್ಟೋಬರ್ ಬಂತು. ಸರೋವರ ಹೆಪ್ಪುಗಟ್ಟುವ ಮುನ್ನ ದೋಣಿಗಳೆಲ್ಲ ಮೇಲೇರಬೇಕು.

"ದೋಣಿ ನಾನೇ ತರ್ತೀನಿ," ಎಂದಳು ಮರ್ಟಲ್. "ಒಂದೇ ಸಲ. ನೆಟ್ಟಗೆ ಬಂದ್ರೆ ಮುಂದಿನ ವರ್ಷಕ್ಕೂ ಇಟ್ಕೊಳ್ಳೋಣ. ಸೊಟ್ಟಗಾದ್ರೆ ನಿನ್ನ ತಂಗಿ ಮಗ ವೆಂಡೆಲ್‌ಗೆ ಕೊಟ್ಬಿಡು."

"ಒಂದು ಮೂರು ಸಲ ಆದ್ರೂ ನೋಡೇ."

"ಬಸ್ ಓಡಿಸ್ತಿದ್ದಾಗ ಒಂದೊಂದು ಸ್ಟಾಪಲ್ಲೂ ಮೂರು ಮೂರು ಸಲ ನೋಡ್ತಿದ್ಯಾ? ಸುಮ್ನೆ ಟ್ರಕ್ ಹತ್ತು."

ಆ ಶನಿವಾರ ದಡದ ಇಳಿಜಾರಿನಲ್ಲಿ ಆರು ಟ್ರಕ್ಕುಗಳು ಸಾಲುಗಟ್ಟಿದ್ದವು. ನೆರೆಮನೆಯ ಗಾರ್ಡಿ ಫ್ಲಾಸ್ಕಿನ ಕಾಫಿ ಹೀರುತ್ತ ಕೂಗಿದ: "ನಿಧಾನ ಕಣಪ್ಪಾ ಹಾಲ್ವರ್! ಈ ಇಳಿಜಾರಲ್ಲಿ ಎಷ್ಟು ಸಂಸಾರ ಮುಳುಗಿದ್ದಾವೋ!"

ಹಾಲ್ವರ್ ನಕ್ಕು ಟ್ರೇಲರನ್ನು ಹಿಂದಕ್ಕೆ ಬಿಟ್ಟ. ಮಡ್‌ಗಾರ್ಡು ಸರಿಯಾಗಿ ನಾಲ್ಕು ಬೆರಳು ಉಳಿದಾಗ ಬ್ರೇಕು ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ ನೋಡಿದ. ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿ ಅವಳು ಪುಟ್ಟದಾಗಿ ಕಾಣುತ್ತಿದ್ದಳು. ಹಿಡಿಯ ಮೇಲಿನ ಎಡಗೈ ನಡುಗುತ್ತಿತ್ತು. ಇನ್ನೊಂದಿಷ್ಟು ಆಳಕ್ಕೆ ಬಿಟ್ಟರೆ ಆ ಬಡ ಕೈಗೆ ಹೆಚ್ಚು ಕೆಲಸವಿರದು, ದೋಣಿ ತಾನಾಗಿ ತೇಲಿ ಒಳಬಂದೀತು ಎನ್ನಿಸಿತು ಅವನಿಗೆ. ನಲವತ್ತಾರು ವರ್ಷ ಅವಳ ಕಟ್ಟಳೆ ಮೀರದವನು ಆ ದಿನ ಬ್ರೇಕು ಸಡಿಲಿಸಿದ. ಮಡ್‌ಗಾರ್ಡು ನೀರಿನಲ್ಲಿ ಮರೆಯಾಯಿತು.

"ಹಾಲ್ವರ್! ನಂಗೆ ಸರಿಯಾಗಿ ತೋರ್ತಿಲ್ಲ. ನಾಲ್ಕು ಬೆರಳು ಕಾಣ್ತಿದ್ಯೇನೋ?"

"ಕಾಣ್ತಿದೆ ಕಣೇ! ಬಾ!"

ಅವಳು ಬಂದಳು. ಗಾಳಿಗೆ ಎಷ್ಟು ಬಿಟ್ಟುಕೊಡಬೇಕೋ ಅಷ್ಟೇ ಬಿಟ್ಟುಕೊಟ್ಟು, ಎರಡೂ ಹಲಗೆಗಳ ನಟ್ಟನಡುವೆ, ಆರೋಗ್ಯದ ದಿನಗಳಲ್ಲಿ ತರುತ್ತಿದ್ದಂತೆಯೇ ತಂದಳು. ಹಲಗೆ ದೋಣಿಯ ತಳವನ್ನು ಹಿಡಿಯಬೇಕಾದ ಜಾಗದಲ್ಲಿ ಹಲಗೆಯೇ ಇರಲಿಲ್ಲ, ಅದು ಇನ್ನೂ ಆಳದಲ್ಲಿತ್ತು. ವಾಯವ್ಯದ ಗಾಳಿ ಹಿಂಭಾಗವನ್ನು ತಳ್ಳಿತು. ದೋಣಿಯ ಮೂತಿ ಟ್ರೇಲರಿನ ಮುಂದಿನ ಕಂಬಕ್ಕೆ ಬಡಿದು ಪಕ್ಕಕ್ಕೆ ಜಾರಿತು. ಅವನು ಗಾಬರಿಯಿಂದ ಟ್ರಕ್ಕನ್ನು ಮುಂದಕ್ಕೆ ಎಳೆದಾಗ ದೋಣಿ ಒಂದು ಮಗ್ಗುಲಿಗೆ ವಾಲಿ ಕೂತಿತ್ತು.

ಗಾರ್ಡಿ ಕಾಫಿಯ ಲೋಟದೊಳಗೆ ಕಣ್ಣು ನೆಟ್ಟ.

'ತಪ್ಪು ನನ್ನದು, ಆಳಕ್ಕೆ ಬಿಟ್ಟೆ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆನ್ನಲು, ನಿನ್ನ ಕೈಯನ್ನು ನಾನು ನಂಬಲಿಲ್ಲ ಎಂದೂ ಅವಳಿಗೆ ಹೇಳಬೇಕಾಗುತ್ತಿತ್ತು. ಹಾಲ್ವರ್ ಬಾಯಿ ಬಿಡದೆ ನೀರಿಗಿಳಿದು, ದೋಣಿಯನ್ನು ತಳ್ಳಿ ನೆಟ್ಟಗೆ ಮಾಡಿದ. ಮರ್ಟಲ್ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ, ಯಾರದೋ ವಸ್ತುವಿನಂತೆ ಮಡಿಲಲ್ಲಿಟ್ಟುಕೊಂಡಳು.

ಸಂಜೆಯೇ ಅವಳು ವೆಂಡೆಲ್‌ಗೆ ಫೋನು ಮಾಡಿದಳು. ಸೋಮವಾರ ದೋಣಿ ಹೋಯಿತು. ಅಂದಿನಿಂದ ಆ ಬೆರಳುಗಳನ್ನು ಅವಳು ಬಿಡಿಸಲಿಲ್ಲ. ಹಾಲ್ವರ್ ಬೇಡಿದ, ಗದರಿದ. ಹೇಳಬೇಕಾದ್ದನ್ನು ಮಾತ್ರ ಹೇಳಲಿಲ್ಲ. ಪ್ರತಿ ಭಾನುವಾರ ಸಭೆಯೆಲ್ಲ ಒಟ್ಟಾಗಿ ಪಾಪನಿವೇದನೆ ಮಾಡುವಾಗ ಅವನ ದನಿ ನಡುವೆಯೇ ನಿಲ್ಲುತ್ತಿತ್ತು. ಪಕ್ಕದಲ್ಲಿ ನಿಂತ ಮರ್ಟಲ್ ಅದನ್ನು ಚಳಿಗಾಲದ ಕೆಮ್ಮೆಂದು ತಿಳಿದು ಗುಳಿಗೆ ಕೊಡುತ್ತಿದ್ದಳು.

ಮಾರ್ಚಿನಲ್ಲಿ ಮನೆಗೆ ಬಂದ ನರ್ಸು ಮುಷ್ಟಿಗಟ್ಟಿದ ಆ ಕೈಯನ್ನು ಹಿಡಿದು ನೋಡಿದಳು. "ಸ್ನಾಯು ಸೆಟೆದುಹೋಗಿದೆ ಅಮ್ಮಾ. ಇನ್ನು ಪೂರ್ತಿ ಬಿಚ್ಚೋದು ಕಷ್ಟ. ವ್ಯಾಯಾಮ ಯಾಕೆ ಬಿಟ್ರಿ?"

"ಕೆಲಸಕ್ಕೆ ಬಾರದ ಕೈ ಕಣಮ್ಮ. ಅಷ್ಟೊಂದು ಸೇವೆ ಯಾಕೆ ಅದಕ್ಕೆ?"

ನರ್ಸು ಹೋದ ಮೇಲೆ ಹಾಲ್ವರ್ ಅವಳ ಕುರ್ಚಿಯ ಬಳಿ ಮೊಣಕಾಲೂರಿ ಎಲ್ಲವನ್ನೂ ಹೇಳಿದ.

ಅವಳು ಮಡಿಲಲ್ಲಿದ್ದ ಮುಷ್ಟಿಯನ್ನು ನೋಡಿದಳು. ಆಮೇಲೆ ಕೇಳಿದಳು: "ಹಾಗಾದ್ರೆ ನಾನು ನೆಟ್ಟಗೇ ತಂದಿದ್ನಾ?"

"ನೆಟ್ಟಗೇ ತಂದಿದ್ದೆ ಕಣೇ. ನಿನ್ನ ಕೈ ಒಂದು ಕೂದಲಷ್ಟೂ ತಪ್ಪಲಿಲ್ಲ."

ಅವಳ ಮುಖದಲ್ಲಿ ಹುಡುಗಿಯ ಸಂತೋಷವೊಂದು ಹಾದುಹೋಯಿತು. ಅವಳ ಕೋಪಕ್ಕೆ ಸಿದ್ಧನಾಗಿದ್ದ ಹಾಲ್ವರ್ ಇದಕ್ಕೆ ಸಿದ್ಧನಿರಲಿಲ್ಲ.

"ಬಿಡಿಸು ನೋಡೋಣ," ಎಂದು ಅವಳು ಮುಷ್ಟಿಯನ್ನು ಅವನ ಮುಂದೆ ಚಾಚಿದಳು.

ಅವನು ಮನಸ್ಸಿನಲ್ಲೇ ಪ್ರಾರ್ಥಿಸುತ್ತ ಹೆಬ್ಬೆರಳನ್ನು ಮೆಲ್ಲಗೆ ಎಳೆದ. ಅದು ಬಂತು. ತೋರುಬೆರಳು ಅರ್ಧ ಬಂತು. ಉಳಿದ ಮೂರು, ಉಗುರುಗಳನ್ನು ಅಂಗೈಗೆ ಊರಿ, ಅಲುಗಲಿಲ್ಲ. ಅವನು ಮತ್ತೆ ಎಳೆದ.

"ಸಾಕು, ಹಾಲ್ವರ್. ನೋಯ್ತಿದೆ."

ಅವನು ಆ ಮುಷ್ಟಿಯ ಮೇಲೆ ಮುಖವಿಟ್ಟು ಗಟ್ಟಿಯಾಗಿ ಅತ್ತ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅಕ್ಟೋಬರಲ್ಲೇ ಹೇಳ್ಬಾರ್ದಿತ್ತೇನೋ," ಎಂದಳು.