ಮೀಟರಿಗೆ ಕಾಣದ ಹೊಳೆ

ಆ ಮೀಟರಿನ ಮೇಲೆ ನನಗೆ ಈಗಲೂ ಸಿಟ್ಟು ಹೋಗಿಲ್ಲ. ಅರವತ್ತರ ದಶಕದಲ್ಲಿ ಕಡಬದ ನಮ್ಮ ನೆರೆಮನೆಯ ಕಾಳುಮೆಣಸಿನ ವ್ಯಾಪಾರಿ ಊರೂರು ಸುತ್ತುವ ತಮ್ಮ ಹಳೆಯ ಮೋಟಾರ್ ಸೈಕಲ್ಲಿಗೆ ಅದನ್ನು ಹಾಕಿಸಿದ್ದರು. ಮುಂದಿನ ಚಕ್ರದಿಂದ ಹ್ಯಾಂಡಲಿಗೆ ಕೇಬಲು ಎಳೆದು ಕೂರಿಸಿದ ಮೈಲು ಮೀಟರು. ಗಾಡಿ ನಿಲ್ಲಿಸಿದ ಕೂಡಲೇ ಪಂಚೆಯ ಚುಂಗಿನಿಂದ ಅದರ ಗಾಜು ಒರೆಸುವರು. ಯಾರು ಯಾವ ಊರಿನ ಹೆಸರೆತ್ತಿದರೂ ದೂರ ಹೇಳಿ, "ಅಳತೆ ಉಂಟಲ್ಲ, ಹೆದರಿಕೆ ಎಂತಕ್ಕೆ?" ಎನ್ನುವರು.

ಪುತ್ತೂರಿನ ದಾರಿಯಲ್ಲಿ ಹೊಳೆಗೆ ಸೇತುವೆ ಇರಲಿಲ್ಲ. ಗಾಡಿಯನ್ನು ಜೋಡಿ ದೋಣಿಗೆ ಏರಿಸಿ ದಾಟಬೇಕು. ದೋಣಿಯಲ್ಲಿ ಚಕ್ರ ತಿರುಗುವುದಿಲ್ಲ. ಹಾಗಾಗಿ ಮೀಟರಿನ ಪಾಲಿಗೆ ಹೊಳೆಯೇ ಇರಲಿಲ್ಲ.

ಜಡಿಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ ವ್ಯಾಪಾರಿಯ ಹೆಂಡತಿಗೆ ಹೆರಿಗೆ ಕಷ್ಟವಾಯಿತು.

"ಧನಿಗಳೇ, ಈಗ್ಲೇ ಪುತ್ತೂರಿಂದ ಡಾಕ್ಟ್ರನ್ನು ಕರ್ಕೊಂಡು ಬನ್ನಿ" ಎಂದಳು ಸೂಲಗಿತ್ತಿ.

"ಒಂದು ಗಂಟೆಯ ದಾರಿ. ಮಳೆ ಸ್ವಲ್ಪ ಬಿಡ್ಲಿ. ಅಳತೆ ಉಂಟಲ್ಲ" ಎಂದರು.

ಮಧ್ಯಾಹ್ನ ಹೊರಟಾಗ ಹೊಳೆ ಏರಿ ದೋಣಿಯ ಓಡಾಟ ನಿಂತಿತ್ತು. ಹೊಳೆ ದಾಟಿಸುವ ಬೇರೆ ಕಡವಿನಲ್ಲಾದರೂ ದೋಣಿ ಸಿಕ್ಕೀತೆಂದು ದಡದ ಉದ್ದಕ್ಕೂ ಮೇಲೆ ಕೆಳಗೆ ಗಾಡಿ ಓಡಿಸಿದರು.

ಸಂಜೆ ಅವರು ಒಬ್ಬರೇ ಮರಳಿದಾಗ ನಾವೆಲ್ಲ ಅಂಗಳದಲ್ಲಿ ನಿಂತಿದ್ದೆವು. ಒಳಗೆ ತಾಯಿ, ಮಗು ಇಬ್ಬರೂ ತೀರಿಕೊಂಡಿದ್ದರು. ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಗಾಡಿಯಿಂದ ಇಳಿಯದೆ, ಒದ್ದೆ ಪಂಚೆಯ ಚುಂಗಿನಿಂದ ಗಾಜು ಒರೆಸಿದರು.

"ಪುತ್ತೂರಿಗೆ ಹೋಗಿ ಬರುವಷ್ಟು ಓಡಿಸಿದ್ದೇನೆ ಮಾರಾಯ್ರೆ" ಎಂದರು. "ಬಂದು ನೋಡಿ, ಇದ್ರಲ್ಲಿ ಉಂಟು."