ಸೀಟು ಕೇಳಲು ಹೋಗಿ ಬೀಗರಾದದ್ದು

ಧಾರವಾಡದ ಆ ಕಾಲೇಜಿನಲ್ಲಿ ನನಗೆ ಬಿ.ಎಸ್‌ಸಿ. ಸೀಟು ಸಿಕ್ಕೇ ಸಿಗುತ್ತದೆಂದು ಕುಬಿಹಾಳದ ನಮ್ಮ ಮನೆಯಲ್ಲಿ ಎಲ್ಲರಿಗೂ ಖಾತ್ರಿಯಿತ್ತು. ನನ್ನ ಅಂಕ ನಂಬಿ ಅಲ್ಲ. ಅಪ್ಪ ಅಲ್ಲಿ ಓದಿದ್ದರು, ಕಾಕಾನೂ ಓದಿದ್ದರು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆಂದು ಅಲ್ಲಿ ಒಂದೆರಡು ಸೀಟು ತೆಗೆದಿಡುತ್ತಿದ್ದರು. "ಅದು ನಮ್ಮ ಮನೀ ಕಾಲೇಜ ಇದ್ದಂಗ" ಎಂದು ಕಾಕಾ ಊರೆಲ್ಲ ಸಾರಿ ಬಂದಿದ್ದರು. ನನಗೋ ಅಲ್ಲಿಯ ಪ್ರಯೋಗಶಾಲೆಯ ಮೇಲೆ ಜೀವ. ಬೇರೆ ಕಾಲೇಜಿನ ಮಾತೆತ್ತಿದರೆ ಕಣ್ಣೀರು ಬರುತ್ತಿತ್ತು.

ನಮ್ಮ ಕಡೆ ದೊಡ್ಡ ಕೆಲಸಕ್ಕೆ ಒಬ್ಬೊಬ್ಬರೇ ಹೋಗುವ ರೂಢಿಯಿಲ್ಲ. ಕನ್ಯೆ ನೋಡಲು ಹೊರಟವರಂತೆ ಬಾಡಿಗೆಯ ಕ್ರೂಸರ್ ಹತ್ತಿದೆವು. ಅಪ್ಪನ ಧೋತರಕ್ಕೆ ಇಸ್ತ್ರಿ, ಅವ್ವನ ತೊಡೆಯ ಮೇಲೆ ಒಣಮೆಣಸಿನಕಾಯಿ ಗಂಟು.

ಪ್ರಿನ್ಸಿಪಾಲರು ಸಜ್ಜನರು. "ಇಬ್ಬರೂ ಹಳೇ ವಿದ್ಯಾರ್ಥಿಗಳೇನ್ರಿ? ಛಲೋ ಆತು. ಒಂದ ಸೀಟ ಉಳದೈತಿ, ಮಾಡಿಕೊಡೂಣು ಬಿಡ್ರಿ" ಎಂದು ಪೆನ್ನು ತೆಗೆದರು. ಅಷ್ಟಕ್ಕೇ ಕೈಮುಗಿದು ಎದ್ದಿದ್ದರೆ ಕೆಲಸ ಮುಗಿದಿತ್ತು.

ಆದರೆ ಕೂತಲ್ಲಿ ಬಳಗ ಹುಡುಕದೆ ಎದ್ದರೆ ಕಾಕಾಗೆ ಉಂಡ ರೊಟ್ಟಿ ಕರಗುವುದಿಲ್ಲ.

"ಸರ್, ತಮ್ಮ ಊರು ಯಾವುದ್ರಿ?"

"ಕಲಘಟಗಿ ಕಡೇರಿ. ತಂಬೂರ."

"ತಂಬೂರಾ?" ಕಾಕಾ ಅವ್ವನ ಕಡೆ ಕೈ ತೋರಿದರು. "ನಮ್ಮ ವೈನಿ ಅಕ್ಕನ್ನ ಅಲ್ಲೇ ಕೊಟ್ಟಾರಲ್ರಿ! ಊರ ಅಗಸಿ ಬಾಗಲ ಬಾಜೂಕ ಮನಿ."

ಪೆನ್ನು ನಿಂತಿತು. "ಅಗಸಿ ಬಾಜೂಕ? ಅದು ನಮ್ಮ ದೊಡ್ಡಪ್ಪನ ಮನಿ!"

ಅಲ್ಲಿಯವರೆಗೆ ಸುಮ್ಮನಿದ್ದ ಅವ್ವ ಬಾಯಿಬಿಟ್ಟಳು: "ಅಯ್ಯ, ಹಂಗಾರ ನೀವು ನಮ್ಮಕ್ಕನ ಮೈದುನ ಆಗಬೇಕ್ರಿ!"

ಕಾಕಾ ಕುಸ್ತಿ ಗೆದ್ದವರಂತೆ ಮೀಸೆ ತೀಡಿದರು. ಪ್ರಿನ್ಸಿಪಾಲರು ಪೆನ್ನಿನ ಟೊಪ್ಪಿಗೆ ಹಾಕಿದರು.

"ಹಳೇ ವಿದ್ಯಾರ್ಥಿಗಳು ಅಂತ ಕೊಡಾಕ ಬರತಿತ್ತು. ಈಗ ನೀವು ನಮ್ಮ ಮಂದಿ ಆದ್ರಿ. ಇದ್ದೊಂದ ಸೀಟ ಬಳಗಕ್ಕ ಕೊಟ್ಟ ಅಂತ ನಾಳೆ ಯಾರರ ಅಂದ್ರ, ನಾ ಏನ್ ಹೇಳ್ಲಿರಿ?"

"ಅಷ್ಟೇನ್ ಹತ್ತರದ ಸಂಬಂಧ ಅಲ್ರಿ, ಸರ್" ಎಂದು ಕಾಕಾ ತಾವೇ ಹಾಕಿದ ಗಂಟನ್ನು ಬಿಚ್ಚಲು ನೋಡಿದರು. ಪ್ರಿನ್ಸಿಪಾಲರು ಒಪ್ಪಲಿಲ್ಲ. "ಹಂಗಂದ್ರ ಹೆಂಗ್ರಿ? ಉಂಡ ಹೋಗಬೇಕು" ಎಂದು ನಮ್ಮನ್ನು ಮನೆಗೇ ಕರೆದೊಯ್ದರು. ಅವರ ಹೆಂಡತಿ ಅವ್ವನಿಗೆ ಉಡಿ ತುಂಬಿದರು. ಸೀಟು ಬೇಡಲು ಹೋದವರು ಅಕ್ಕಿ, ಖಣ, ತೆಂಗಿನಕಾಯಿ ಹೊತ್ತು ಬಂದೆವು. ದಾರಿಯುದ್ದಕ್ಕೂ ನಾನು ಅತ್ತೆ. ಕಾಕಾನನ್ನು ಗಾಡಿಯಿಂದ ಇಳಿಸಿಬಿಡಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು.

"ಅಳಬ್ಯಾಡ ಬೇ. ಸೀಟ ಹೋದ್ರ ಹೋಗ್ಲಿ, ಬಳಗ ಸಿಕ್ತಲ್ಲ" ಎಂದರು ಅವರು.

ನಾನು ಓದಿದ್ದು ಹುಬ್ಬಳ್ಳಿಯಲ್ಲಿ, ನಮ್ಮವರಾರೂ ಮೆಟ್ಟಿಲು ಹತ್ತದ ಕಾಲೇಜಿನಲ್ಲಿ. ಅಲ್ಲಿಯದೂ ಪ್ರಯೋಗಶಾಲೆಯೇ ಎಂದು ಒಪ್ಪಿಕೊಳ್ಳಲು ವರ್ಷ ಹಿಡಿಯಿತು. ಈ ವರ್ಷ ಅಣ್ಣನ ಮಗಳಿಗೆ ನಾನು ಓದಿದ ಹುಬ್ಬಳ್ಳಿಯ ಕಾಲೇಜೇ ಬೇಕಾಯಿತು. ಅಲ್ಲೂ ಹಳೆಯ ವಿದ್ಯಾರ್ಥಿಗಳ ಮನೆಯವರಿಗೆಂದು ಒಂದೆರಡು ಸೀಟು ತೆಗೆದಿಡುತ್ತಾರೆ. ಅಂಕ ನನ್ನಷ್ಟೇ, ಅಂದರೆ ಅಷ್ಟಕ್ಕಷ್ಟೇ. ಹಳೆಯ ವಿದ್ಯಾರ್ಥಿನಿ ಎಂಬ ಬಿರುದು ಹೊತ್ತು ನಾನೇ ಅವಳ ಜೊತೆ ಹೋದೆ. ಕಾಕಾಗೆ ಸುಳಿವೇ ಕೊಡಲಿಲ್ಲ.

ಪ್ರಿನ್ಸಿಪಾಲ್ ಮೇಡಂ ಪೆನ್ನು ತೆಗೆದು ನಕ್ಕರು. "ನಿಮ್ಮ ಮಾತು ಕೇಳಿದ್ರ ನಮ್ಮ ಕಡೆಯವ್ರ ಅನಸ್ತೈತಿ. ಯಾವೂರ್ರಿ ನಿಮ್ಮದು?"

ಊರಿನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅವರ ಮೂಗು ಬೇರೆ ನಮ್ಮ ಸೋದರತ್ತೆಯ ಮೂಗನ್ನೇ ಹೋಲುತ್ತಿತ್ತು. ಪಕ್ಕದಲ್ಲಿ ಕೂತ ಹುಡುಗಿ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಮೊದಲ ಸಹಿ ಮಾಡ್ರಿ, ಮೇಡಂ" ಎಂದೆ. "ಊರು ಆಮ್ಯಾಲ ಹೇಳ್ತೀನಿ."